ಹೂಂ ಮೇಲೆ ಕಟ್ಟಿದ ಬಾಜಿ

ಸೆಪ್ಟೆಂಬರ್ 7, ಸೋಮವಾರ

ತಮ್ಮನನ್ನು ಆಸ್ಪತ್ರೆಯಿಂದ ನೇರ ನನ್ನ ಮನೆಗೇ ಕರೆತಂದದ್ದು ಒಳ್ಳೆಯದೇ ಆಯಿತು. ಲಕ್ವ ಹೊಡೆದ ಬಲಗೈ ಇನ್ನೂ ಏಳುತ್ತಿಲ್ಲ, ನಾಲಿಗೆ ಹೊರಳುತ್ತಿಲ್ಲ. ತಲೆಯಾಡಿಸಿದರೂ ಹೌದೋ ಅಲ್ಲವೋ ತಿಳಿಯದು, ಬರೆಯಲೂ ಆಗದು. ಉಳಿದಿರುವುದು ‘ಹೂಂ’ ಅನ್ನುವ ಒಂದೇ ಮಾತು. ಅಷ್ಟಿದ್ದರೆ ಧಾರಾಳವಾಯಿತು. ಅಕ್ಕ ತಮ್ಮನಿಗೆ ಅದಕ್ಕಿಂತ ಉದ್ದದ ಮಾತು ಯಾವತ್ತು ಬೇಕಾಗಿತ್ತು?

ಹೊಲಿಗೆ ಯಂತ್ರವನ್ನು ಅಡುಗೆಮನೆಗೆ ಸಾಗಿಸಿ ಮುಂದಿನ ಕೋಣೆಯಲ್ಲಿ ಅವನ ಮಂಚ ಹಾಕಿಸಿದ್ದೇನೆ. ಗಿರಾಕಿಗಳು ಒಲೆ ಪಕ್ಕ ನಿಂತು ಅಳತೆ ಕೊಡುತ್ತಾರೆ. ಹಾಲು ಕಾಯುವಷ್ಟರಲ್ಲಿ ಒಂದು ಲಂಗದ ಅಂಚು ಮುಗಿದಿರುತ್ತದೆ. ಯಾಕೆ ಮೊದಲೇ ಹೀಗೆ ಮಾಡಲಿಲ್ಲವೋ!

ಇವತ್ತು ಮಾತಿನ ಟೀಚರ್ ಬಂದಿದ್ದಳು. ಆಸ್ಪತ್ರೆಯವರು ಕಳಿಸುವ ಹುಡುಗಿ. ಲಕ್ವ ಹೊಡೆದವರಿಗೆ ಮತ್ತೆ ಮಾತು ಬರಿಸುವುದು ಅವಳ ಕೆಲಸ.

‘ಅಮ್ಮಾ, ನಾನು ಅವರನ್ನ ಕೇಳಿದ್ದಕ್ಕೆ ನೀವು ಉತ್ತರ ಹೇಳ್ಬೇಡಿ. ಸ್ವಲ್ಪ ಕಾಯಿರಿ’ ಎಂದಳು.

‘ಕಾಯೋದ್ಯಾಕೆ? ಅವನು ಏನಂತಾನೆ ಅಂತ ನಂಗೊತ್ತಲ್ಲ.’

‘ಗೊತ್ತಿದ್ರೂ ಕಾಯಿರಿ.’

ನಗುತ್ತ ಹೇಳಿದಳು, ಹಾಗಾಗಿ ಬೇಜಾರಾಗಲಿಲ್ಲ. ಚಿಕ್ಕ ವಯಸ್ಸು. ಓದಿದ್ದನ್ನು ಎಲ್ಲಾದರೂ ಖರ್ಚು ಮಾಡಬೇಕಲ್ಲ.

ಅವನ ಮಗಳು ಬೇರೆ ಊರಿನಿಂದ ಫೋನ್ ಮಾಡಿದ್ದಳು. ‘ಅತ್ತೆ, ಅಪ್ಪನಿಗೆ ಇಲ್ಲೊಂದು ಕೋಣೆ ಸಿದ್ಧ ಮಾಡ್ಸಿದೀನಿ. ಆ ಬಾಡಿಗೆ ಮನೆ ಬೀಗ ಹಾಕ್ಕೊಂಡು ಬಿದ್ದಿದೆ, ಬಿಟ್ಟುಬಿಡೋಣ. ಅಕ್ಟೋಬರ್ ಕೊನೇಲಿ ರಜ ಹಾಕಿ ಬರ್ತೀನಿ. ಎಲ್ಲಿರ್ತಾನೆ ಅಂತ ಅವನನ್ನೇ ಕೇಳಿ ತೀರ್ಮಾನ ಮಾಡೋಣ.’

‘ಕೇಳೋದೇನಿದೆಯೇ? ಇಲ್ಲಿ ಹಾಯಾಗಿದಾನೆ’ ಎಂದೆ. ಆದರೂ ನ್ಯಾಯ ನ್ಯಾಯವೇ. ಫೋನಿಟ್ಟು ಕೋಣೆಗೆ ಹೋಗಿ, ‘ಇಲ್ಲೇ ಇದ್ದುಬಿಡ್ತೀಯ ತಾನೇ?’ ಎಂದು ಕೇಳಿದೆ. ‘ಹೂಂ’ ಎಂದ. ಮುಗಿಯಿತಲ್ಲ.

ಸೆಪ್ಟೆಂಬರ್ 10, ಗುರುವಾರ

ತಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಈ ಕಡೆ ತಿರುಗುವುದೇ ಇಲ್ಲ. ಕೈಗೆ ಕೊಟ್ಟ ಚೆಂಡನ್ನು ಹಿಸುಕಬೇಕು, ಹಿಸುಕುವುದಿಲ್ಲ. ನಾಲಿಗೆ ಚಾಚಬೇಕು, ಚಾಚುವುದಿಲ್ಲ. ಟೀಚರ್ ತೋರಿಸುವ ಲೋಟ, ಬಾಗಿಲು, ನಾಯಿಗಳ ಚಿತ್ರದ ಕಾರ್ಡುಗಳನ್ನು ಮಂಚದ ಕೆಳಗೆ ತಳ್ಳಿಬಿಡುತ್ತಾನೆ. ಇಷ್ಟು ವರ್ಷ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿಕೊಂಡಿದ್ದವನಿಗೆ ನಾಯಿ ತೋರಿಸಿದರೆ ಸಿಟ್ಟು ಬರದೆ ಇರುತ್ತದೆಯೇ?

ಇವತ್ತು ರೇಡಿಯೊದವನು ಶನಿವಾರದ ಕಾಲ್ಚೆಂಡಾಟದ ಸುದ್ದಿ ಹೇಳುತ್ತಿದ್ದ. ಪಟ್ಟೆಯಂಗಿಯವರಿಗೂ ಹಸಿರಂಗಿಯವರಿಗೂ ಆಟವಂತೆ. ನೋಡುತ್ತೇನೆ, ಇವನ ಎಡಗೈ ಮೆಲ್ಲಗೆ ಅಂಗಿಯ ಜೇಬಿನ ಹತ್ತಿರ ಹೋಯಿತು! ಬಾಜಿ ಚೀಟಿ ಇಟ್ಟುಕೊಳ್ಳುತ್ತಿದ್ದ ಜೇಬು ಅದು. ಪ್ರತಿ ಶನಿವಾರ ಒಂದು ಚೀಟಿ ಕಟ್ಟುವುದು ಅವನ ಹಳೆಯ ಚಟ. ಆ ಹುಚ್ಚು ನನ್ನ ತಲೆಗೆ ಎಂದೂ ಹತ್ತಿಲ್ಲ. ಅವನು ಯಾವ ತಂಡದ ಕಡೆಯವನು ಎಂದೂ ನಾನು ಕೇಳಿದವಳಲ್ಲ.

ಹೊಳೆಯಿತು. ಇವನನ್ನು ಗೋಡೆಯಿಂದ ಈ ಕಡೆ ತಿರುಗಿಸಲು ಇದೇ ಮದ್ದು.

‘ಪಟ್ಟೆಯವರ ಮೇಲೆ ಕಟ್ಲೇನೋ?’ ಎಂದೆ. ಪಟ್ಟೆ ಯಾಕೆಂದರೆ, ಅವರ ಅಂಗಿಯಲ್ಲಿ ಹೆಗಲಿನ ಪಟ್ಟೆಗೂ ತೋಳಿನ ಪಟ್ಟೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಷ್ಟು ಶಿಸ್ತಿನ ದರ್ಜಿ ಇರುವ ತಂಡ ಆಟವನ್ನೂ ಶಿಸ್ತಾಗಿಯೇ ಆಡಬೇಕು.

‘ಹೂಂ’ ಎಂದ.

ಸೆಪ್ಟೆಂಬರ್ 12, ಶನಿವಾರ

ಜೀವನದಲ್ಲಿ ಮೊದಲ ಸಲ ಬಾಜಿ ಕಟ್ಟಿದೆ. ಕಟ್ಟಿದ ಮೇಲೂ ಭೂಮಿ ಎಲ್ಲಿತ್ತೋ ಅಲ್ಲೇ ಇತ್ತು.

ಬಾಜಿ ಅಂಗಡಿ ಔಷಧಿ ಅಂಗಡಿಯ ಪಕ್ಕದಲ್ಲೇ ಇದೆ. ಇಷ್ಟು ದಿನ ಆ ಬಾಗಿಲು ಬಂದರೆ ಬೇರೆ ಕಡೆ ಮುಖ ತಿರುಗಿಸಿ ನಡೆಯುತ್ತಿದ್ದೆ. ಒಳಗೆ ಗೋಡೆ ತುಂಬ ಟಿವಿಗಳು. ಕೆಳಗೆ ಗಂಡಸರು ಕತ್ತೆತ್ತಿಕೊಂಡು ನಿಂತಿದ್ದರು, ರೈಲು ತಡವಾದಾಗ ನಿಲ್ಲುತ್ತಾರಲ್ಲ, ಹಾಗೆ. ಬೆರಳುದ್ದದ ಪೆನ್ಸಿಲ್ಲುಗಳನ್ನು ಒಂದು ಡಬ್ಬಿಯಲ್ಲಿ ಇಟ್ಟಿದ್ದಾರೆ. ಗಾಜಿನ ಕಿಟಕಿಯ ಹಿಂದೆ ಕೂತಿದ್ದವನಿಗೆ ನಾನೇ ಕಿಟಕಿಯಪ್ಪ ಎಂದು ಹೆಸರಿಟ್ಟೆ.

‘ಏನಮ್ಮಾ, ದಾರಿ ತಪ್ತಾ? ಔಷಧಿ ಅಂಗಡಿ ಪಕ್ಕದ್ದು.’

‘ನಂಗೆ ಬೇಕಾದ ಔಷಧಿ ಇಲ್ಲೇ ಸಿಗೋದು. ಇವತ್ತಿನ ಆಟಕ್ಕೆ ಬಾಜಿ ಕಟ್ಬೇಕಪ್ಪಾ.’

‘ಕಟ್ಟಿ. ಮನೆ ಮೇಲೋ, ಹೊರಗಿನ ಮೇಲೋ?’

ಚೀಲವನ್ನು ಅವುಚಿಕೊಂಡೆ. ‘ಮನೆ ಮೇಲೆ ಯಾಕಪ್ಪಾ ಕಟ್ಲಿ? ಒಂದು ಲಂಗ ಹೊಲಿದ ಕೂಲಿ ತಂದಿದೀನಿ, ಅಷ್ಟೇ. ಮನೆ ಪತ್ರ ಹಿಡ್ಕೊಂಡು ಬರೋ ಹೆಂಗಸಲ್ಲ ನಾನು!’

ಹಿಂದೆ ನಿಂತವರೆಲ್ಲ ಗೊಳ್ಳೆಂದರು. ಕಿಟಕಿಯಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಆಮೇಲೆ ಬಿಡಿಸಿ ಹೇಳಿದ. ಸ್ವಂತ ಮೈದಾನದಲ್ಲಿ ಆಡುವವರು ‘ಮನೆ’, ಪರಸ್ಥಳದಿಂದ ಬಂದವರು ‘ಹೊರಗೆ’. ಇವತ್ತು ಪಟ್ಟೆಯವರೇ ಮನೆ.

‘ಹಾಗಾದ್ರೆ ಮನೆ ಅಂತಲೇ ಬರಿ. ಅವರ ಮನೆ ಅಂತ ಬರಿ.’

ಚೀಟಿ ತಂದು ತಮ್ಮನ ಕಣ್ಣೆದುರು ಹಿಡಿದೆ. ಓದಿದವನೇ ಎಡಗೈಯಿಂದ ಹೊದಿಕೆಯನ್ನು ಒಂದೇ ಸಮನೆ ಗುದ್ದಿದ. ಇಷ್ಟು ಉತ್ಸಾಹ ನೋಡಿ ಎಷ್ಟು ದಿನವಾಗಿತ್ತು! ಇಬ್ಬರೂ ಟಿವಿ ಮುಂದೆ ಕೂತೆವು. ಪಟ್ಟೆಯವರು ಮೊದಲ ಗೋಲು ಹೊಡೆದಾಗ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ. ಎರಡನೆಯದಕ್ಕೆ ಚಮಚ ಎಸೆದ. ಅದು ಗಡಿಯಾರಕ್ಕೆ ತಾಗಿತು. ಹೊದಿಕೆ ಸರಿಸಿ ನೋಡಿದರೆ ಕಣ್ಣಲ್ಲಿ ನೀರು. ಸಂತೋಷ ಹೆಚ್ಚಾದರೆ ಹಾಗೆಯೇ. ನನಗೂ ಕಣ್ಣು ತುಂಬಿತು.

ಗೆದ್ದೆವು! ಸೋಮವಾರ ಹೋಗಿ ದುಡ್ಡು ಇಸಿದುಕೊಳ್ಳಬೇಕು.

ಸೆಪ್ಟೆಂಬರ್ 14, ಸೋಮವಾರ

ಕಿಟಕಿಯಪ್ಪ ದುಡ್ಡು ಎಣಿಸುತ್ತ ವಿಚಾರಿಸಿದ. ನಾನು ಲಿಫ್ಟ್ ಮೇಸ್ತ್ರಿಯ ಅಕ್ಕ ಎಂದು ತಿಳಿದ ತಕ್ಷಣ ಅವನ ಕೈ ನಿಂತಿತು.

‘ಲಿಫ್ಟ್ ಮೇಸ್ತ್ರಿ ಪಟ್ಟೆಯವರ ಮೇಲೆ ಕಟ್ಸಿದ್ರಾ? ತಮಾಷೆ ಮಾಡ್ತೀರಾ ಅಮ್ಮಾ? ಅವರು ಹುಟ್ಟಾ ಹಸಿರು. ಪಟ್ಟೆಯವರ ಹೆಸರು ಎತ್ತಿದ್ರೆ ಎದ್ದು ಆಚೆ ಹೋಗೋ ಮನುಷ್ಯ.’

‘ಕಾಯಿಲೆ ಬಂದ ಮೇಲೆ ರುಚಿ ಬದಲಾಗತ್ತೆ’ ಎಂದು ಹೇಳಿ ಬಂದೆ.

ಬದಲಾಗುತ್ತದೆ. ಬದಲಾಗಬಾರದೆಂದೇನಿದೆ?

ಸೆಪ್ಟೆಂಬರ್ 15, ಮಂಗಳವಾರ

ಬದಲಾಗಿಲ್ಲ.

ಬೆಳಿಗ್ಗೆ ಸ್ಟೂಲು ಎಳೆದುಕೊಂಡು ಅವನೆದುರು ಕೂತೆ. ‘ನೀನು ನನ್ನ ತಮ್ಮ ಅಲ್ವೇನೋ?’ ಎಂದೆ. ‘ಹೂಂ.’ ‘ನೀನು ಎಮ್ಮೆನಾ?’ ‘ಹೂಂ.’ ನನ್ನನ್ನು ಹುಚ್ಚಿಯ ಹಾಗೆ ನೋಡಿದ. ನಾನು ಬಿಡಲಿಲ್ಲ. ಮತ್ತೆ ತಮ್ಮ, ಮತ್ತೆ ಎಮ್ಮೆ. ಕಣ್ಣು ಮುಚ್ಚಿಕೊಂಡು ಕೇಳಿದೆ. ದೀಪ ಹೋದಾಗ ಬಟ್ಟೆಯ ಸೀದಾ ಮಗ್ಗುಲು ಯಾವುದು, ಉಲ್ಟಾ ಯಾವುದು ಎಂದು ಬೆರಳಿನಲ್ಲೇ ತಿಳಿಯುತ್ತೇವಲ್ಲ, ಹಾಗೆ ಕಿವಿಯಲ್ಲಿ ಸವರಿ ನೋಡಿದೆ.

ಎರಡು ಇವೆ. ತಮ್ಮನ ಹೂಂ ಕೆಳಗಿನಿಂದ ಹೊರಟು ಮೇಲೆ ಹೋಗಿ ನಿಲ್ಲುತ್ತದೆ. ಎಮ್ಮೆಯ ಹೂಂ ಮೇಲಿನಿಂದ ಕೆಳಗೆ ಬರುತ್ತದೆ, ಅದಕ್ಕೆ ಮೊದಲು ಗಂಟಲಲ್ಲಿ ಒಂದು ಸಣ್ಣ ತಡೆ. ಪಾಪ, ಅವನು ‘ಉಹೂಂ’ ಎನ್ನುತ್ತಿದ್ದಾನೆ. ಮೊದಲಿನ ‘ಉ’ ಬಾಯಿಗೆ ಬರುತ್ತಿಲ್ಲ. ಗುಂಡಿ ಕಿತ್ತುಹೋಗಿ ಕಾಜ ಮಾತ್ರ ಉಳಿದ ಹಾಗೆ. ಹತ್ತುವ ಲಿಫ್ಟು, ಇಳಿಯುವ ಲಿಫ್ಟು ಎಂದು ಹೆಸರಿಟ್ಟುಕೊಂಡೆ. ಅವನ ಕಸುಬಿನದೇ ಲೆಕ್ಕ.

ಮಧ್ಯಾಹ್ನ ಬಂದ ಟೀಚರಿಗೆ ಹೇಳಿದೆ. ಅವಳು ಅವನ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿದರೂ ಎರಡೂ ಒಂದೇ ಥರವಂತೆ. ‘ನಿಮ್ಮ ಕಿವಿಗೆ ಸಿಕ್ಕಿದೆಯಲ್ಲ, ಬಿಡಬೇಡಿ’ ಎಂದಳು. ಬಿಡುವವಳೇ ನಾನು?

ಸೆಪ್ಟೆಂಬರ್ 16, ಬುಧವಾರ

ಟೀಗೆ ಸಕ್ಕರೆ ಬೇಡ ಅಂದಿರಲಿಲ್ಲ ಅವನು. ಕಿಟಕಿ ಮುಚ್ಚು ಅಂದಿರಲಿಲ್ಲ. ಪಕ್ಕದ ಮನೆಯಾಕೆ ಬಂದು ಹಾಡಿ ಹೋಗಲಿ ಅಂದಿರಲಿಲ್ಲ. ಮೊದಲ ವಾರ ಕ್ಷೌರದವನನ್ನು ಮನೆಗೇ ಕರೆಸಿ, ‘ಮೀಸೆ ತೆಗ್ಸಿಬಿಡ್ಲಾ?’ ಎಂದು ಕೇಳಿದ್ದೆ.

ಅಯ್ಯೋ ದೇವರೇ, ಮೀಸೆ!

ಸೆಪ್ಟೆಂಬರ್ 26, ಶನಿವಾರ

ಇವತ್ತು ಹಸಿರಿನವರ ಮೇಲೆ ಕಟ್ಟಿದೆ. ಅಂಕಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ ಬಿದ್ದಿದ್ದಾರೆ, ಅಂಗಿಯ ಕಾಲರೂ ನೆಟ್ಟಗಿಲ್ಲ. ‘ಬೇಡ ಕಣೋ, ಗೊತ್ತಿದ್ದೂ ಬಾವಿಗೆ ಬೀಳೋದಾ?’ ಎಂದು ಎಷ್ಟು ಹೇಳಿದೆ. ಇಳಿಯುವ ಹೂಂ. ‘ಹಸಿರೇನಾ?’ ಹತ್ತುವ ಹೂಂ. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. ಸರಿ, ಕಟ್ಟಿದೆ.

ಸೋತರು ಅಂದರೆ ಸೋತರು, ಮಾನ ಮರ್ಯಾದೆ ಇಲ್ಲದೆ ಸೋತರು. ಆದರೆ ಇವನು ಕೊನೆಯವರೆಗೂ ಕೂತು ನೋಡಿದ! ಗೋಡೆಯ ಕಡೆ ತಿರುಗಲೇ ಇಲ್ಲ. ಹಸಿರಿನವನೊಬ್ಬ ಬರಿದಾದ ಗೋಲಿನ ಮುಂದೆ ನಿಂತು ಚೆಂಡನ್ನು ಆಕಾಶಕ್ಕೆ ಒದ್ದಾಗ ಕೈಯಲ್ಲಿದ್ದ ವ್ಯಾಯಾಮದ ಚೆಂಡನ್ನು ಹಿಸುಕಿದ್ದೇ ಹಿಸುಕಿದ್ದು. ಬಲಗೈಯಲ್ಲಿ! ಹಿಸುಕಿದ್ದು ಅವನಿಗೇ ಗೊತ್ತಿಲ್ಲ.

ದುಡ್ಡು ಹೋದರೂ ಇಷ್ಟು ಚೆನ್ನಾಗಿ ಊಟ ಮಾಡಿದ ನೆನಪಿಲ್ಲ, ಇಬ್ಬರೂ.

ಅಕ್ಟೋಬರ್ 10, ಶನಿವಾರ

ಕೋಲು ಹಿಡಿದುಕೊಂಡು ನನ್ನ ಜೊತೆ ಬಾಜಿ ಅಂಗಡಿಯವರೆಗೂ ನಡೆದ. ದಾರಿಯುದ್ದಕ್ಕೂ ಅಂಗಡಿ ಮೆಟ್ಟಿಲುಗಳ ಮೇಲೆಲ್ಲ ಕೂತು ಸುಧಾರಿಸಿಕೊಂಡೆವು. ಒಳಗೆ ಕಾಲಿಟ್ಟದ್ದೇ ತಡ, ‘ಮೇಸ್ತ್ರಿ ಬಂದ್ರು! ಮೇಸ್ತ್ರಿ ಬಂದ್ರು!’ ಎಂದು ಗಲಾಟೆ. ಒಬ್ಬ ಕುರ್ಚಿ ತಂದ, ಇನ್ನೊಬ್ಬ ಟೀ.

ಕಿಟಕಿಯಪ್ಪ ಗಾಜಿನ ತೂತಿಗೆ ಬಾಯಿಟ್ಟು, ‘ಏನ್ ಮೇಸ್ತ್ರಿ, ಮೀಸೆ ಎಲ್ಲಿ ಬಾಜಿ ಕಟ್ಟಿ ಸೋತ್ರಿ?’ ಎಂದ. ನಾನು ಡಬ್ಬಿಯಲ್ಲಿದ್ದ ಪೆನ್ಸಿಲ್ಲುಗಳನ್ನು ಜೋಡಿಸತೊಡಗಿದೆ.

‘ಎಂದಿನ ಹಾಗೆ ಹಸಿರಾ?’

ನಾನು ಬಾಯಿ ತೆರೆದಿದ್ದೆ. ಇವನು ಕೋಲಿನಿಂದ ನನ್ನ ಪಾದಕ್ಕೆ ಮೆಲ್ಲಗೆ ಕುಕ್ಕಿದ. ಸುಮ್ಮನಾದೆ. ಅಂಗಡಿಯೆಲ್ಲ ಕಾಯಿತು. ‘ಹೂಂ’ ಎಂದ. ಆ ಗದ್ದಲದಲ್ಲಿ ಅವನ ಗಂಟಲು ಎಷ್ಟು ಗಟ್ಟಿಯಾಗಿ ಕೇಳಿಸಿತು!

‘ಹತ್ತಿತು’ ಎಂದು ಕಿಟಕಿಯಪ್ಪನಿಗೆ ಹೇಳಿದೆ. ಅವನಿಗೂ ಈಗ ಲಿಫ್ಟಿನ ಲೆಕ್ಕ ಕಲಿಸಿದ್ದೇನೆ.

ಅಕ್ಟೋಬರ್ 21, ಬುಧವಾರ

ಶನಿವಾರ ತಮ್ಮನ ಮಗಳು, ನನ್ನ ಸೋದರ ಸೊಸೆ, ಬರುತ್ತಾಳೆ. ಟೀಚರೂ ಇರುತ್ತಾಳೆ.

ಅವನ ಕೋಣೆಗೆ ಹೊಸ ಪರದೆ ಹೊಲಿದು ಹಾಕಿದೆ. ದಪ್ಪ ಬಟ್ಟೆ, ಒಳಗೆ ಅಸ್ತರು. ಹತ್ತು ವರ್ಷ ಅಲ್ಲಾಡುವುದಿಲ್ಲ. ಬಚ್ಚಲಿಗೆ ಹಿಡಿಕೆ ಹಾಕಲು ಗಾರೆಯವನಿಗೆ ಹೇಳಿದ್ದೇನೆ. ಸಂಜೆ ಟೀ ಇಬ್ಬರಿಗೆ ಇಡುವುದು ಕೈಗೆ ರೂಢಿಯಾಗಿದೆ. ಒಬ್ಬರಿಗೆ ಇಡುವಾಗ ಯಾವಾಗಲೂ ನೀರು ಹೆಚ್ಚಾಗುತ್ತಿತ್ತು.

ಎಲ್ಲಿರುತ್ತೀಯ ಎಂದು ನಾನು ಮತ್ತೆ ಕೇಳಲು ಹೋಗಿಲ್ಲ. ಸೆಪ್ಟೆಂಬರಿನಲ್ಲೇ ಕೇಳಿಯಾಗಿದೆಯಲ್ಲ. ಆವತ್ತಿನ ಹೂಂ ಹತ್ತಿತ್ತೋ ಇಳಿದಿತ್ತೋ ನೆನಪಿಗೆ ಬರುತ್ತಿಲ್ಲ, ಅಷ್ಟೇ. ಹತ್ತಿಯೇ ಇರುತ್ತದೆ.

ಅಕ್ಟೋಬರ್ 24, ಶನಿವಾರ

ಇವತ್ತಿನದನ್ನು ಸರಿಯಾಗಿ ಬರೆದಿಡುತ್ತೇನೆ.

ಸೊಸೆ ಅಪ್ಪನ ಕಾಲ ಬಳಿ ನೆಲದ ಮೇಲೇ ಕೂತಳು. ಟೀಚರ್ ಕುರ್ಚಿಯಲ್ಲಿ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಒಲೆ ಮೇಲೆ ಹಾಲಿತ್ತು.

‘ಅಪ್ಪಾ, ನನ್ ಜೊತೆ ಬರ್ತೀಯಾ?’

‘ಹೂಂ.’

ಹುಡುಗಿಯ ಮುಖ ಅರಳಿತು. ‘ಇನ್ನೊಂದನ್ನೂ ಕೇಳಿ’ ಎಂದು ಟೀಚರ್ ತಡೆದಳು.

‘ಅತ್ತೆ ಮನೇಲೇ ಇರ್ತೀಯಾ?’

‘ಹೂಂ.’

ಸೊಸೆ ನನ್ನ ಕಡೆ ನೋಡಿದಳು. ‘ಎರಡಕ್ಕೂ ಹೂಂ ಅಂದ್ರೆ ನಾನೇನು ಮಾಡ್ಲಿ ಅತ್ತೆ? ನಿಮಗೆ ಇವನ ಹೂಂ ಗೊತ್ತಾಗತ್ತಂತಲ್ಲ, ಹೇಳಿ.’

‘ನಂಗೂ ಒಂದೇ ಥರ ಕೇಳಿಸ್ತು. ನೀವು ಹೇಗೆ ಹೇಳ್ತೀರೋ ಹಾಗೆ, ಅಮ್ಮಾ’ ಎಂದಳು ಟೀಚರ್.

‘ಮೊದಲನೇದು ಉಹೂಂ’ ಎಂದೆ. ಅದನ್ನು ಹೇಳಲು ನನಗೆ ಒಂದು ಗಳಿಗೆಯೂ ಹಿಡಿಯಲಿಲ್ಲ. ಹುಡುಗಿಯ ಮುಖ ಬಾಡಿದ್ದು ಕಂಡರೂ ಒಳಗೊಳಗೇ ಖುಷಿಯಾಯಿತು. ಹೌದು, ಆಯಿತು.

‘ಎರಡನೇದು?’

ಎರಡನೆಯದೂ ಇಳಿದಿತ್ತು. ಮೊದಲಿನದಕ್ಕಿಂತ ಕೆಳಗೆ ಹೋಗಿತ್ತು.

ಆಗ ನನ್ನ ಮನಸ್ಸಿಗೆ ಏನೂ ಬರಲಿಲ್ಲ ಎಂದು ಇಲ್ಲಿ ಬರೆದುಕೊಂಡರೆ ಕೇಳುವವರು ಯಾರು? ಬಂತು. ಆ ಕೋಣೆಯಲ್ಲಿ ಅದನ್ನು ಕೇಳಬಲ್ಲ ಕಿವಿ ಇದ್ದದ್ದು ನನ್ನದೊಂದೇ. ಹತ್ತಿತು ಎಂದಿದ್ದರೆ ಹತ್ತಿದ ಹಾಗೇ. ಮಂಚ ಇಲ್ಲೇ, ಪರದೆ ಇಲ್ಲೇ, ಸಂಜೆಯ ಎರಡು ಲೋಟ ಟೀ ಇಲ್ಲೇ. ಯಾರಿಗೂ ನೋವಿಲ್ಲ. ನಾನೇನು ಅವನಿಗೆ ವಿಷ ಹಾಕುತ್ತೇನೆಯೇ?

ತಮ್ಮ ನನ್ನನ್ನೇ ನೋಡುತ್ತಿದ್ದ. ಕೋಲು ಅವನ ಕೈಯಲ್ಲೇ ಇತ್ತು, ಆದರೆ ಈ ಸಲ ಕುಕ್ಕಲಿಲ್ಲ. ಸುಮ್ಮನೆ ಕಾದ.

‘ಇದೂ ಉಹೂಂ’ ಎಂದೆ.

‘ಇಲ್ಲೂ ಬೇಡ, ಅಲ್ಲೂ ಬೇಡ, ಮತ್ತೆ ಬೀದೀಲಿ ಇರ್ತಾನಂತಾ?’ ಸೊಸೆಗೆ ಅಳು ಬಂದಿತ್ತು.

‘ತಾಳು. ನಾವು ಕೇಳಿದ್ದೇ ಎರಡು.’ ಹೋಗಿ ಅವನ ಪಕ್ಕ ಮಂಚದ ಮೇಲೆ ಕೂತೆ. ‘ಲೋ, ನಿನ್ ಮನೆಗೆ ಹೋಗ್ತೀಯೇನೋ?’

ಅಡುಗೆಮನೆಯಲ್ಲಿ ಹಾಲು ಉಕ್ಕುವ ವಾಸನೆ ಬಂತು. ಉಕ್ಕಲಿ ಎಂದು ಕೂತೇ ಇದ್ದೆ.

‘ಹೂಂ.’

ಆ ಲಿಫ್ಟು ತಾರಸಿ ಒಡೆದುಕೊಂಡು ಹೋಯಿತು. ಟೀಚರಿಗೂ ಕೇಳಿಸಿತು, ಸೊಸೆಗೂ ಕೇಳಿಸಿತು. ಬೀದಿಯಲ್ಲಿ ಹೋಗುವವರಿಗೂ ಕೇಳಿಸಿರಬೇಕು.

‘ಒಬ್ಬನೇ ಹೇಗಪ್ಪಾ? ಬಿದ್ರೆ?’

‘ಬೀಳೋನು ನನ್ನೆದುರೂ ಬೀಳ್ತಾನೆ, ನಿನ್ನೆದುರೂ ಬೀಳ್ತಾನೆ’ ಎಂದೆ. ‘ಬೆಳಿಗ್ಗೆ ಸಂಜೆ ಬಂದು ನೋಡ್ಕೊಳ್ಳೋರನ್ನ ಗೊತ್ತು ಮಾಡೋಣ. ಹಿಡಿಕೆ ಹಾಕೋಕೆ ಹೇಳಿದೀನಿ, ಅದು ಆ ಮನೆಗೇ ಹೋಗ್ಲಿ. ಮನೆ ಒಡೆಯನಿಗೆ ಇವತ್ತೇ ಫೋನ್ ಮಾಡಿ, ಬಿಡಲ್ಲ ಅಂತ ಹೇಳಿಬಿಡು.’

ಇಷ್ಟು ಗಟ್ಟಿಯಾಗಿ ಮಾತಾಡಿದವಳು ನಾನೇ. ಆಮೇಲೆ ಒಲೆ ಒರೆಸಲು ಹೋದೆ. ಒರೆಸುವುದು ಬಹಳ ಹೊತ್ತು ಹಿಡಿಯಿತು. ಹಾಲು ಅಷ್ಟು ಚೆಲ್ಲಿತ್ತು.

ಅಕ್ಟೋಬರ್ 25, ಭಾನುವಾರ

ಪರದೆ ಬಿಚ್ಚಿದೆ. ಅವನ ಮನೆಯ ಕಿಟಕಿ ಅಗಲ. ಪಕ್ಕಕ್ಕೆ ಒಂದು ತುಂಡು ಸೇರಿಸಬೇಕು.

ನವೆಂಬರ್ 14, ಶನಿವಾರ

ಅವನ ಮನೆಯ ಗಂಟೆ ಒತ್ತಿ ನಿಂತೆ. ಬಾಗಿಲು ತೆರೆಯಲು ಎಷ್ಟು ಹೊತ್ತು! ಒಳಗೆ ಕೋಲಿನ ಸದ್ದು, ಏನೋ ಬಿದ್ದ ಸದ್ದು, ಮತ್ತೆ ಕೋಲು. ಬೀಗದ ಇನ್ನೊಂದು ಕೈ ನನ್ನ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಬಾಗಿಲ ಮೇಲಿನ ಬಣ್ಣ ನೋಡುತ್ತ ನಿಂತಿದ್ದೆ.

ಅಂಗಿಯ ಗುಂಡಿಗಳನ್ನು ಒಂದೊಂದು ಮನೆ ತಪ್ಪಿಸಿ ಹಾಕಿಕೊಂಡಿದ್ದ. ಕೈ ಚಾಚಿದೆ, ಹಿಂದಕ್ಕೆ ತೆಗೆದುಕೊಂಡೆ. ಅದೂ ಒಂದು ಫ್ಯಾಶನ್ನು ಎಂದುಕೊಂಡರೆ ಚೆನ್ನಾಗಿಯೇ ಕಾಣುತ್ತಿತ್ತು. ನೋಡಿಕೊಳ್ಳಲು ಬರುವಾಕೆಯ ಅಡುಗೆಯಲ್ಲಿ ಉಪ್ಪು ಜಾಸ್ತಿ. ಅವನು ಚಪ್ಪರಿಸಿ ತಿನ್ನುತ್ತಾನೆ. ನಾಲಿಗೆ ಅವನದು.

ಇಬ್ಬರೂ ಅಂಗಡಿಗೆ ಹೋದೆವು. ಇವತ್ತು ಹಸಿರಿನವರಿಗೂ ಕೆಂಪಂಗಿಯವರಿಗೂ ಆಟ. ಕಿಟಕಿಯಪ್ಪ ತಮ್ಮನನ್ನೇ ಕೇಳಿದ, ತಮ್ಮನೇ ಹೂಂ ಎಂದ, ಹಸಿರಿನ ಚೀಟಿ ಬಂತು. ನಾನು ಹೊರಡಲು ತಿರುಗಿದೆ.

‘ನಿಮ್ದು ಅಮ್ಮಾ?’

‘ನಂದೇನು?’

‘ನಿಮ್ ಚೀಟಿ. ಇಷ್ಟು ದಿನ ಅವರದನ್ನೇ ಕಟ್ತಾ ಇದ್ರಿ. ನೀವು ಯಾರ ಕಡೆ?’

ಹೌದಲ್ಲ. ಇದನ್ನು ಯಾರೂ ಕೇಳಿರಲಿಲ್ಲ. ಗೋಡೆಯ ಟಿವಿಯಲ್ಲಿ ಕೆಂಪಿನವರು ಮೈದಾನಕ್ಕೆ ಇಳಿಯುತ್ತಿದ್ದರು. ನನ್ನ ಮನೆಯ ಸಂಜೆ ಈಗ ಸದ್ದಿಲ್ಲದೆ ಇರುತ್ತದೆ, ಆಗ ಒಬ್ಬಳೇ ಕೂತು ಇವರ ಆಟ ನೋಡಿದ್ದೇನೆ. ಅವರ ಮುಂದಾಳು ಬಿದ್ದರೂ ರೆಫರಿ ಕಡೆ ನೋಡದೆ ಎದ್ದು ಓಡುವ ಹುಡುಗ. ನನಗೆ ಹಿಡಿಸಿದ್ದಾನೆ.

‘ಕೆಂಪಿನವರ ಮೇಲೆ’ ಎಂದೆ.

ಪಕ್ಕದಲ್ಲಿ ತಮ್ಮ ಕೋಲನ್ನು ನೆಲಕ್ಕೆ ಕುಟ್ಟಿದ. ‘ಹೂಂ!’

ಕಿಟಕಿಯಪ್ಪ ಪೆನ್ಸಿಲ್ಲು ಎತ್ತಿ ಹಿಡಿದು ನನ್ನ ಮುಖ ನೋಡಿದ. ‘ಏನಂತಾರೆ?’

‘ಉಹೂಂ ಅಂತಾನೆ, ಚೆನ್ನಾಗೇ ಕೇಳಿಸ್ತು’ ಎಂದೆ. ‘ನೀನು ಕೆಂಪಿಗೇ ಬರಿ.’